ಬೀಡಿ ಎಲೆಯಿಂದ ಕಾನೂನಿನ ಹಾಳೆಯವರೆಗೆ

ಮೇ ತಿಂಗಳು ಬಂತೆಂದರೆ ಹತ್ತನೆಯ ತರಗತಿಯ ಫಲಿತಾಂಶ ಬರುತ್ತದೆ. ಅಂಕಪಟ್ಟಿ ಹಿಡಿದುಕೊಂಡು ಮಕ್ಕಳು ಧರ್ಮಕೇಂದ್ರದ ಕಚೇರಿಗೆ ಬರುತ್ತಾರೆ. ಸಿಹಿ ತಿನ್ನುತ್ತಾ ನಾವು ಕೇಳುವ ಪ್ರಶ್ನೆ ಒಂದೇ: "ಮುಂದೆ ಏನಾಗುತ್ತೀ ಮಗೂ?" ಡಾಕ್ಟರ್, ಇಂಜಿನಿಯರ್, ನರ್ಸ್ ಎಂದು ಉತ್ತರ ಬಂದರೆ ತಂದೆತಾಯಿಯ ಮುಖ ಅರಳುತ್ತದೆ. "ಗೊತ್ತಿಲ್ಲ ಫಾದರ್" ಎಂದರೆ ಬಾಡುತ್ತದೆ. ಹಾಗೆ ಬಾಡಿದ ಮುಖಗಳನ್ನು ಕಂಡಾಗಲೆಲ್ಲ ನಮಗೆ ಒಬ್ಬ ಅಕ್ಕನ ನೆನಪಾಗುತ್ತದೆ. ಅವರ ಜೀವನದ ದಾರಿ ನೇರವಾಗಿ ಸಾಗಿದ್ದೇ ಇಲ್ಲ. ಆದರೆ ಆ ದಾರಿಯಲ್ಲಿ ಇಟ್ಟ ಹೆಜ್ಜೆಗಳಲ್ಲಿ ಒಂದೂ ವ್ಯರ್ಥವಾಗಲಿಲ್ಲ.

ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಧರ್ಮಕೇಂದ್ರದಲ್ಲಿ ಎಲ್ಲರೂ ಕರೆಯುವಂತೆ ನಾವೂ ಅವರನ್ನು ಅಕ್ಕ ಎಂದೇ ಕರೆಯೋಣ. ಊರು ಕಾಸರಗೋಡು ಜಿಲ್ಲೆಯಲ್ಲಿ, ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆ ಅಂಗಡಿಗಳಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ನಮ್ಮ ಕಡೆಯ ಮಕ್ಕಳು ಬೆಳೆಯುವುದೇ ಹೀಗೆ. ಇದನ್ನು ನಾವು ಒಂದು ಕಷ್ಟವೆಂದೇ ತಿಳಿದಿದ್ದೇವೆ. ಅಕ್ಕನಿಗೆ ಅದೇ ಬಂಡವಾಳವಾಯಿತು.

ಸೂಪು ಮತ್ತು ಟೈಪ್‌ರೈಟರ್

ಅಕ್ಕ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ್ದು 1984ರಲ್ಲಿ. ಅದೇ ವರ್ಷ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. "ಜಿಲ್ಲೆಗೆ ಕಲೆಕ್ಟರ್ ಬಂದರು, ನನಗೆ ಬೀಡಿ ಸೂಪು ಬಂತು" ಎಂದು ಅವರು ನಗುತ್ತಾ ಹೇಳುತ್ತಾರೆ. ತಂದೆಗೆ ಕಾಯಿಲೆ, ಮನೆಯಲ್ಲಿ ಐದು ಮಕ್ಕಳು. ಕಾಲೇಜಿನ ಮಾತು ಯಾರೂ ಎತ್ತಲಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು, ಲೆಕ್ಕ ಕಟ್ಟಿ ಬ್ರಾಂಚಿಗೆ ಕೊಂಡೊಯ್ಯುವುದು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಸರಿಯಿಲ್ಲದ ಬೀಡಿಯನ್ನು ಬದಿಗೆ ತೆಗೆದರೆ ಅದಕ್ಕೆ ಕೂಲಿಯಿಲ್ಲ.

ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರ ಸುದ್ದಿ ಅಕ್ಕನ ಅಂಗಳಕ್ಕೆ ಬಂದಿರಲಿಲ್ಲ. ತಾಯಿಯ ಭವಿಷ್ಯನಿಧಿಯ ಪುಸ್ತಕದಲ್ಲಿ ಹೆಸರು ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ. ಅಷ್ಟಕ್ಕೇ ಹಣ ಬರಲು ವರ್ಷಗಟ್ಟಲೆ ತಡವಾಯಿತು. "ಒಂದು ಅಕ್ಷರ ತಪ್ಪಿದರೆ ಒಬ್ಬ ಹೆಂಗಸಿನ ಇಪ್ಪತ್ತು ವರ್ಷದ ದುಡಿಮೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಆಗಲೇ ಗೊತ್ತಾಯಿತು" ಎನ್ನುತ್ತಾರೆ ಅಕ್ಕ.

ಬೀಡಿಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಪೇಟೆಯ ಟೈಪ್‌ರೈಟಿಂಗ್ ಕ್ಲಾಸಿಗೆ ಸೇರಿದರು. ಬೆಳಿಗ್ಗೆ ಒಂದು ಗಂಟೆ ಇಂಗ್ಲಿಷ್, ಒಂದು ಗಂಟೆ ಕನ್ನಡ. ಸರಕಾರಿ ಕೆಲಸದ ಕನಸಿತ್ತು, ಆದರೆ ಆ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಒಬ್ಬ ಆಧಾರ ಬರಹಗಾರರ ಕೋಣೆಯಲ್ಲಿ ನಕಲು ಮಾಡುವ ಕೆಲಸ.

ಹಿರಿಯ ಓದುಗರಿಗೆ ಆ ಕೋಣೆಗಳ ಪರಿಚಯ ಇರಬಹುದು. ಒಂದು ಮರದ ಮೇಜು, ಛಾಪಾ ಕಾಗದದ ಕಟ್ಟು, ಹೊರಗೆ ಬೆಂಚಿನ ಮೇಲೆ ಕಾಯುವ ಜನ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ಈ ಸೀಮೆ ದಕ್ಷಿಣ ಕನ್ನಡದ ಭಾಗ. ಹಾಗಾಗಿ ಹಳೆಯ ದಾಖಲೆಗಳೆಲ್ಲ ಕನ್ನಡದಲ್ಲಿ, ಹೊಸವು ಮಲಯಾಳದಲ್ಲಿ. ವರ್ಗ, ಮೂಲಗೇಣಿ, ಚಾಲಗೇಣಿ, ಚಕ್ಕುಬಂದಿ ಎಂಬ ಮಾತುಗಳು ಒಂದು ಕಡೆ. ಭೂಸುಧಾರಣೆಯ ನಂತರದ ಪಟ್ಟಯ, ಕ್ರಯ ಸರ್ಟಿಫಿಕೇಟು, ಕುಡಿಕ್ಕಡ ಸರ್ಟಿಫಿಕೇಟು ಇನ್ನೊಂದು ಕಡೆ. ಎರಡನ್ನೂ ಓದಬಲ್ಲವರು ಕಡಿಮೆ. ಐದು ವರ್ಷ ನಕಲು ಮಾಡುತ್ತಾ ಅಕ್ಕ ಎರಡನ್ನೂ ಕಲಿತರು. ಅದು ಕಲಿಕೆ ಎಂದು ಆಗ ಅವರಿಗೆ ತಿಳಿಯಲಿಲ್ಲ. ಕೈ ನೋಯುತ್ತಿತ್ತು, ಅಷ್ಟೇ.

ಮುಂಬೈಗೆ ಹೋಗಿ ಬಂದದ್ದು

1994ರಲ್ಲಿ ಮದುವೆ. ಗಂಡ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಅಲ್ಲಿಗೆ ಹೋಗಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದರು. ಹಿಂದಿ ಬಂತು, ಮರಾಠಿ ಅರ್ಥವಾಗತೊಡಗಿತು. ಏಳು ವರ್ಷದ ಬಳಿಕ ಗಂಡ ಕಾಯಿಲೆ ಬಿದ್ದು ತೀರಿಕೊಂಡರು. ಹೋಟೆಲಿನಿಂದ ಬರಬೇಕಾದ ಬಾಕಿಗೆ ಯಾರನ್ನು ಕೇಳಬೇಕು, ಯಾವ ಅರ್ಜಿ ಬರೆಯಬೇಕು ಎಂದು ಹೇಳುವವರಿರಲಿಲ್ಲ. ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳಿದರು. "ಊರೆಲ್ಲರ ಆಧಾರ ಬರೆದ ನನಗೆ ನನ್ನದೇ ಒಂದು ಅರ್ಜಿ ಬರೆಯಲು ಬರಲಿಲ್ಲ" ಎಂಬ ಅವರ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಮರಳಿದ ಮೇಲೆ ಮನೆಯಲ್ಲೇ ಹೊಲಿಗೆ ಯಂತ್ರ, ರಾತ್ರಿ ಪುನಃ ಬೀಡಿ. 1998ರಲ್ಲಿ ಆರಂಭವಾಗಿದ್ದ ಕುಟುಂಬಶ್ರೀಯ ಗುಂಪು ಅಷ್ಟರಲ್ಲಿ ನೆರೆಕರೆಯಲ್ಲಿ ಕಟ್ಟಿಕೊಂಡಿತ್ತು. ಲೆಕ್ಕ ಬರೆಯಲು ಜನ ಬೇಕಿತ್ತು. ಅಕ್ಕನ ಅಕ್ಷರ ಚೆಂದವಿತ್ತು, ಕಾರ್ಯದರ್ಶಿಯಾದರು. ಬ್ಯಾಂಕಿನ ಫಾರಂ ತುಂಬುವುದು, ವಿಧವಾ ವೇತನದ ಅರ್ಜಿ ಬರೆಯುವುದು, ಪಂಚಾಯತಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಎಲ್ಲವೂ ಅವರ ಪಾಲಿಗೆ ಬಂತು. ಹತ್ತಿರದಲ್ಲಿ ಅಕ್ಷಯ ಕೇಂದ್ರ ತೆರೆದಾಗ ಟೈಪ್‌ರೈಟಿಂಗ್ ಕಲಿತ ಬೆರಳುಗಳು ಕಂಪ್ಯೂಟರಿನ ಮೇಲೂ ಓಡಿದವು.

ಬೀಡಿ, ಟೈಪಿಂಗ್, ನಕಲು, ಹೊಲಿಗೆ, ಲೆಕ್ಕ, ಕಂಪ್ಯೂಟರು. ಬಂಧುಗಳು "ಒಂದರಲ್ಲೂ ನಿಲ್ಲದವಳು" ಎಂದು ಆಡಿಕೊಂಡರು.

ಅರ್ಧ ಲಾಯರಮ್ಮ

ಒಂದು ದಿನ ಪಂಚಾಯತಿ ಸಭಾಭವನದಲ್ಲಿ ಕಾನೂನು ಅರಿವಿನ ಶಿಬಿರ ನಡೆಯಿತು. ಕುಟುಂಬಶ್ರೀಯ ಹೆಂಗಸರನ್ನು ಕರೆದಿದ್ದರು. ಅಲ್ಲಿ ಮಾತಾಡಿದ ನ್ಯಾಯಾಧೀಶರು, ಹತ್ತನೆಯ ತರಗತಿ ಓದಿದವರು ಪ್ಯಾರಾ ಲೀಗಲ್ ವಾಲಂಟಿಯರ್ ಆಗಬಹುದು, ತರಬೇತಿ ಕೊಡುತ್ತೇವೆ ಎಂದರು. ಅಕ್ಕ ಅರ್ಜಿ ಹಾಕಿದರು. ಸಂದರ್ಶನವಾಯಿತು, ತರಬೇತಿಯಾಯಿತು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಗುರುತುಚೀಟಿ ಕೊರಳಿಗೆ ಬಂತು. ಆಗ ಅವರಿಗೆ ನಲವತ್ತು ದಾಟಿತ್ತು.

ಏನಿದು ಪ್ಯಾರಾ ಲೀಗಲ್? ವಕೀಲರಲ್ಲ, ಆದರೆ ವಕೀಲರ ಪಕ್ಕದಲ್ಲಿ ನಿಂತು ಕಾನೂನಿನ ಕೆಲಸಕ್ಕೆ ನೆರವಾಗುವವರು. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ ಇದು ಒಂದು ವೃತ್ತಿಯಾಗಿ ಬೆಳೆಯಿತು. ನಮ್ಮಲ್ಲಿಯೂ ನಗರಗಳ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ಸಂಬಳಕ್ಕೆ ದುಡಿಯುವ ಪ್ಯಾರಾ ಲೀಗಲ್‌ಗಳಿದ್ದಾರೆ. ಆದರೆ ಹಳ್ಳಿಗೆ ತಲುಪಿದ್ದು ಇನ್ನೊಂದು ಬಗೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ, ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು, ಉಚಿತ ಕಾನೂನು ನೆರವು ಸಿಗಬೇಕು ಎಂದು ಸರಕಾರಕ್ಕೆ ಹೊಣೆ ಹೊರಿಸಿತು. ಕೇರಳದವರೇ ಆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಭಗವತಿ ಇದಕ್ಕಾಗಿ ಬಹಳ ದುಡಿದರು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು. ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆಯನ್ನು ಹೊರತಂದಿತು.

ಯಾರೆಲ್ಲ ಆಗಬಹುದು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಶಿಕ್ಷಕರು, ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಗುಂಪಿನವರು, ಕಾನೂನು ವಿದ್ಯಾರ್ಥಿಗಳು. ದೀರ್ಘ ಶಿಕ್ಷೆ ಅನುಭವಿಸುತ್ತಿರುವ, ನಡತೆ ಒಳ್ಳೆಯದಿರುವ ವಿದ್ಯಾವಂತ ಕೈದಿಗಳು ಕೂಡ. ತಾವು ಕಷ್ಟ ಕಂಡವರೇ ಕಷ್ಟದಲ್ಲಿರುವವರ ಮಾತನ್ನು ಬೇಗ ಹಿಡಿಯುತ್ತಾರೆ ಎಂಬುದು ಇದರ ಹಿಂದಿನ ತಿಳಿವು ಎಂದು ನಮಗನಿಸುತ್ತದೆ.

ಇದು ಸಂಬಳದ ನೌಕರಿಯಲ್ಲ. ಕೆಲಸ ಮಾಡಿದ ದಿನಗಳಿಗೆ ಗೌರವಧನ ಮಾತ್ರ. ನ್ಯಾಯಾಲಯದಲ್ಲಿ ವಾದ ಮಾಡುವಂತಿಲ್ಲ, ಜನರಿಂದ ಹಣ ಕೇಳುವಂತಿಲ್ಲ. ಅರ್ಜಿ ಬರೆದುಕೊಡುವುದು, ಸರಿಯಾದ ಕಚೇರಿಗೆ ದಾರಿ ತೋರಿಸುವುದು, ನೆರವಿನ ವಕೀಲರನ್ನು ಪಡೆಯಲು ಸಹಾಯ ಮಾಡುವುದು, ಚಿಕ್ಕ ಜಗಳಗಳನ್ನು ಲೋಕ ಅದಾಲತ್ತಿಗೆ ಒಯ್ಯುವುದು ಅವರ ಕೆಲಸ. ಅಕ್ಕ ಇಂದಿಗೂ ಹೊಟ್ಟೆಪಾಡಿಗೆ ಹೊಲಿಗೆ ಯಂತ್ರ ತುಳಿಯುತ್ತಾರೆ. ಊರವರು ತಮಾಷೆಗೆ "ಅರ್ಧ ಲಾಯರಮ್ಮ" ಎಂದು ಕರೆಯುತ್ತಾರೆ. "ಪೂರ್ತಿ ಲಾಯರಿಗೆ ಫೀಸು ಕೊಡಬೇಕು, ಅರ್ಧಕ್ಕೆ ಒಂದು ಲೋಟ ಚಹಾ ಸಾಕು" ಎಂಬುದು ಅಕ್ಕನ ಉತ್ತರ.

ನಾವು ಮಾಡಿದ ತಪ್ಪು

ಇನ್ನು ಹೇಳಬೇಕಾದದ್ದು ನಮಗೆ ಸುಲಭವಲ್ಲ. ಆದರೆ ಅದನ್ನು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾವು ಆ ಧರ್ಮಕೇಂದ್ರಕ್ಕೆ ಹೋಗಿ ಕೆಲವೇ ತಿಂಗಳಾಗಿತ್ತು. 2018ರ ಆರಂಭ. ಒಬ್ಬ ಅವಿವಾಹಿತ ಹೆಂಗಸು ಒಂದು ಕರಡು ಕಾಗದ ಹಿಡಿದು ಬಂದರು. ತಂದೆತಾಯಿ ತೀರಿಹೋಗಿದ್ದರು. ಉಯಿಲು ಇರಲಿಲ್ಲ. ಇಬ್ಬರು ಸಹೋದರರ ಜತೆ ಹಳೆಯ ಮನೆಯಲ್ಲೇ ಇದ್ದವರು. "ಬ್ಯಾಂಕ್ ಸಾಲಕ್ಕೆ ಬೇಕಂತೆ, ನಾಳೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಬೇಕಂತೆ. ನನಗೆ ಮಲಯಾಳ ಓದಲು ಬರುವುದಿಲ್ಲ. ನೋಡಿ ಹೇಳಿ ಫಾದರ್" ಎಂದರು.

ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಓದಿದ್ದೇವೆ, ದೈವಶಾಸ್ತ್ರ ಓದಿದ್ದೇವೆ, ಧರ್ಮಸಭೆಯ ಕಾನೂನನ್ನೂ ಓದಿದ್ದೇವೆ. ಮಲಯಾಳ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತಿತ್ತು. ಹೆಸರು ಸರಿಯಿತ್ತು, ಸರ್ವೇ ನಂಬ್ರ ಇತ್ತು. ಮೇಲೆ 'ಒಳಿಮುರಿ' ಎಂದಿತ್ತು. ಆ ಪದ ನಮಗೆ ತಿಳಿಯದು. ಆದರೆ "ತಿಳಿಯದು" ಎಂದು ಹೇಳಲು ನಾಲಿಗೆ ಬರಲಿಲ್ಲ. ಸಹೋದರರು ಒಳ್ಳೆಯವರು, ತಮ್ಮ ಗಾಯನ ವೃಂದದಲ್ಲಿ ಹಾಡುವವನು. ಮನೆಯಲ್ಲಿ ಶಾಂತಿ ಮುಖ್ಯ ಎಂದುಕೊಂಡೆವು. "ಅಣ್ಣತಮ್ಮಂದಿರ ಮೇಲೆ ಸಂಶಯ ಬೇಡ. ಸಹಿ ಹಾಕಮ್ಮ" ಎಂದೆವು.

ಒಳಿಮುರಿ ಎಂದರೆ ಹಕ್ಕು ಬಿಟ್ಟುಕೊಡುವ ಪತ್ರ.

ಒಂದೂವರೆ ವರ್ಷದ ಬಳಿಕ ಯಾರೋ ಬಂದು ಮನೆಯ ಜಾಗ ಅಳೆಯತೊಡಗಿದಾಗ ಆಕೆಗೆ ವಿಷಯ ತಿಳಿಯಿತು. ಅಳುತ್ತಾ ಅಕ್ಕನ ಬಳಿಗೆ ಹೋದರು. ಅಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ದೃಢೀಕೃತ ನಕಲು ತೆಗೆಸಿ, ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ಅಂದು ಸಂಜೆಯೇ ನಮ್ಮಲ್ಲಿಗೆ ಬಂದರು. ಬೈಯಲಿಲ್ಲ. ಕುರ್ಚಿಯಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿದರು: "ಫಾದರ್, ನಿಮಗೆ ಬಾರದ ಭಾಷೆಯಲ್ಲಿ ಯಾರಾದರೂ ಪಾಪನಿವೇದನೆ ಮಾಡಿದರೆ, ಕೇಳದೆಯೇ ಕ್ಷಮೆ ಕೊಡುತ್ತೀರಾ?"

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಮುಂದೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಬೇರೆಯವರಿಗೂ ಬೇಕಾಗಬಹುದು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಹೆಂಡತಿ ಬದುಕಿದ್ದರೆ ಅವರಿಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆಲ್ಲ ಸಮಾನ. ಇಲ್ಲಿ ತಾಯಿಯೂ ಇಲ್ಲದ್ದರಿಂದ ಮೂವರಿಗೂ ಸಮಪಾಲು ಇತ್ತು. ಆದರೆ ನೋಂದಣಿಯಾದ ಪತ್ರವನ್ನು ಸುಮ್ಮನೆ ಹರಿದುಹಾಕಲು ಆಗುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ರದ್ದು ಮಾಡಿಸಬೇಕು, ಅದೂ ವಿಷಯ ತಿಳಿದ ಮೂರು ವರ್ಷದೊಳಗೆ. ಅಕ್ಕ ಆಕೆಯನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ದರು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ನೆರವಿನ ವಕೀಲರು ಕಾಗದ ನೋಡಿ, ದಾವೆಯ ದಾರಿ ಇದೆ, ಆದರೆ ಉದ್ದ. ಮೊದಲು ರಾಜಿಗೆ ಪ್ರಯತ್ನಿಸೋಣ ಎಂದರು. ದಾವೆ ಹೂಡುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿನ ಮುಂದಿಡಲು ಕಾಯ್ದೆಯಲ್ಲಿ ಅವಕಾಶವಿದೆ.

ಸಹೋದರರಿಗೆ ನೋಟೀಸು ಹೋಯಿತು. ಮೊದಲ ಸಲ ಅವರು ಬರಲಿಲ್ಲ. ಎರಡನೆಯ ಸಲ ಬಂದರು. ನಾವೂ ಹೋದೆವು. ಆ ದಿನ ನಮ್ಮ ಕಚೇರಿಯಲ್ಲಿ ಏನು ನಡೆಯಿತು, ಓದಲು ಬಾರದ ಕಾಗದಕ್ಕೆ ಸಹಿ ಹಾಕು ಎಂದು ಹೇಗೆ ಹೇಳಿದೆವು ಎಂಬುದನ್ನು ಇಬ್ಬರು ಸಹೋದರರ ಎದುರಿಗೇ ಹೇಳಿದೆವು. ತಮ್ಮ ತಲೆ ತಗ್ಗಿಸಿದ. ಅಣ್ಣ ಬಹಳ ಹೊತ್ತು ವಾದ ಮಾಡಿದರು. ಮೂರನೆಯ ಸಲ ಕುಳಿತಾಗ ಒಪ್ಪಂದವಾಯಿತು. ಹಳೆಯ ಮನೆ ಮತ್ತು ಅದರ ಸುತ್ತ ಹತ್ತು ಸೆಂಟ್ಸ್ ಜಾಗ ಆಕೆಯ ಹೆಸರಿಗೆ ನೋಂದಣಿಯಾಯಿತು. ಸಿಗಬೇಕಾದ ಪಾಲಿಗಿಂತ ಅದು ಕಡಿಮೆ. "ಇಷ್ಟಾದರೂ ತಲೆಯ ಮೇಲೆ ಹೆಂಚು ಉಳಿಯಿತು" ಎಂದು ಆಕೆ ಸಮಾಧಾನಪಟ್ಟುಕೊಂಡರು. ನಮಗೆ ಇಂದಿಗೂ ಸಮಾಧಾನವಿಲ್ಲ. ಹೋದ ಭಾಗದಲ್ಲಿ ನಮ್ಮ ಅಜ್ಞಾನದ ಪಾಲೂ ಇದೆ.

ಭಾಷೆಯೆಂಬ ಗೋಡೆ

ಈ ಘಟನೆಯ ನಂತರ ಅಕ್ಕನ ಕೆಲಸವನ್ನು ನಾವು ಹತ್ತಿರದಿಂದ ನೋಡತೊಡಗಿದೆವು. ಅವರಲ್ಲಿಗೆ ಬರುವ ಹತ್ತು ಜನರಲ್ಲಿ ಹೆಚ್ಚಿನವರ ಕಷ್ಟ ಕಾನೂನಿನದ್ದಲ್ಲ, ಕಾಗದದ್ದು. ಬಂದ ಪತ್ರ ಏನು ಹೇಳುತ್ತದೆ ಎಂದು ತಿಳಿಯದ ಕಷ್ಟ. ಗಡಿಯಲ್ಲಿ ಬಾಳುವ ನಮಗೆಲ್ಲ ಇದು ಗೊತ್ತಿರುವ ವಿಷಯವೇ. ಹೊಸೂರು, ತಾಳವಾಡಿಯ ಕನ್ನಡಿಗರಿಗೆ ತಮಿಳು, ಅಕ್ಕಲಕೋಟೆ, ಜತ್ತದವರಿಗೆ ಮರಾಠಿ, ಮಡಕಶಿರಾ, ಆದವಾನಿಯವರಿಗೆ ತೆಲುಗು. ಆಡಲು ಬರುತ್ತದೆ, ಕಚೇರಿಯ ಬರಹ ಮಾತ್ರ ಅರ್ಥವಾಗುವುದಿಲ್ಲ.

ಸಂವಿಧಾನದ 350ನೆಯ ವಿಧಿ, ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಬರೆದು, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಮಾಡಿತು. ಅಕ್ಕ ಹಲವು ಅರ್ಜಿಗಳನ್ನು ಕನ್ನಡದಲ್ಲೇ ಬರೆಯುತ್ತಾರೆ. "ಉತ್ತರ ಮಲಯಾಳದಲ್ಲಿ ಬಂದರೆ ಓದಿ ಹೇಳುತ್ತೇನೆ. ಆದರೆ ಕೇಳುವುದು ನಮ್ಮ ಭಾಷೆಯಲ್ಲೇ ಇರಲಿ, ಆಗ ಅರ್ಜಿದಾರನಿಗೆ ತಾನು ಏನು ಕೇಳಿದೆ ಎಂದು ಗೊತ್ತಿರುತ್ತದೆ" ಎನ್ನುತ್ತಾರೆ. ಮಲಯಾಳದ ಮೇಲೆ ಅವರಿಗೆ ಕಿಂಚಿತ್ತೂ ಕೋಪವಿಲ್ಲ. "ಅದನ್ನು ಕಲಿತಿದ್ದರಿಂದಲೇ ನಾನು ಉಪಯೋಗಕ್ಕೆ ಬಂದೆ" ಎಂದು ಮಕ್ಕಳಿಗೆ ಹೇಳುತ್ತಾರೆ. ನಾವೂ ಆ ಮಾತು ಕೇಳಿ ನಲವತ್ತರ ವಯಸ್ಸಿನಲ್ಲಿ ಮಲಯಾಳ ಪಾಠ ಪುಸ್ತಕ ಹಿಡಿದು ಕುಳಿತೆವು.

ಮನೆಯವರು ನೆನಪಿಡಬೇಕಾದ ಕೆಲವು ಮಾತು

ಈ ಲೇಖನಕ್ಕಾಗಿ ಕೇಳಿದಾಗ ಅಕ್ಕ ತಮ್ಮ ಬಗ್ಗೆ ಬರೆಯುವುದಕ್ಕಿಂತ ಇವನ್ನು ಬರೆಯಿರಿ ಎಂದರು.

ಓದಿ ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಹೇಳುವವರು ಯಾರೇ ಆಗಲಿ, "ನಾಳೆ ಹಾಕುತ್ತೇನೆ, ನಕಲು ಕೊಡಿ" ಎನ್ನಿ. ಒಳ್ಳೆಯ ಉದ್ದೇಶದವರು ಒಂದು ದಿನ ಕಾಯುತ್ತಾರೆ.

ಹಿರಿಯರು ಉಯಿಲು ಬರೆದಿಡಿ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಅವರಿಗೆ ಬರೆದದ್ದು ಸಲ್ಲುವುದಿಲ್ಲ.

ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಜೀವನಾಂಶಕ್ಕೆ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಮನೆಯೊಳಗೆ ಹೊಡೆತ, ಬೈಗುಳ, ಹೊರದಬ್ಬುವಿಕೆ ಇದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಇದೆ. ಸರಕಾರಿ ಕಚೇರಿ ಉತ್ತರ ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ. 30 ದಿನದೊಳಗೆ ಉತ್ತರ ಬರಬೇಕು.

ಲೋಕ ಅದಾಲತ್ತಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಒಪ್ಪುವ ಮೊದಲು ಚೆನ್ನಾಗಿ ಯೋಚಿಸಿ.

ಬರೆಯಲು ಬಾರದವರು ಬಾಯಿಮಾತಿನಲ್ಲೇ ಕಾನೂನು ನೆರವು ಕೇಳಬಹುದು. ದೇಶದಲ್ಲೆಲ್ಲ ದೂರವಾಣಿ ಸಂಖ್ಯೆ ಒಂದೇ: 15100.

ಅಂಕುಡೊಂಕಿನ ದಾರಿ

ಫ್ರಾನ್ಸಿನ ಬ್ರಿಟನಿಯಲ್ಲಿ 1253ರಿಂದ 1303ರವರೆಗೆ ಬಾಳಿದ ಸಂತ ಈವೋ ಗುರುವೂ ಹೌದು, ವಕೀಲರೂ ಹೌದು. ಬಡವರ ಪರವಾಗಿ ಹಣ ಪಡೆಯದೆ ವಾದಿಸುತ್ತಿದ್ದರೆಂದು ಅವರನ್ನು ವಕೀಲರ ಪಾಲಕರೆಂದು ಗೌರವಿಸುತ್ತಾರೆ. ಅಕ್ಕನಿಗೆ ಅವರ ಕಥೆ ಹೇಳಿದಾಗ "ಅವರಿಗೆ ಹೊಲಿಗೆ ಬರುತ್ತಿರಲಿಲ್ಲ ತಾನೆ?" ಎಂದು ನಕ್ಕರು.

ನಾವೀಗ ಬೇರೆ ಧರ್ಮಕೇಂದ್ರದಲ್ಲಿದ್ದೇವೆ. ಇಲ್ಲಿ ತಿಂಗಳಿಗೊಮ್ಮೆ, ಎರಡನೆಯ ಭಾನುವಾರ ಬಲಿಪೂಜೆಯ ನಂತರ, ಸಭಾಭವನದಲ್ಲಿ ಒಂದು ಮೇಜು ಹಾಕುತ್ತೇವೆ. ಈ ಊರಿನ ಪ್ಯಾರಾ ಲೀಗಲ್ ಸ್ವಯಂಸೇವಕರೊಬ್ಬರು ಬಂದು ಕುಳಿತುಕೊಳ್ಳುತ್ತಾರೆ. ಯಾವ ಮತದವರೂ ತಮ್ಮ ಕಾಗದ ತಂದು ಓದಿಸಿಕೊಳ್ಳಬಹುದು. ಕಾಗದ ಹಿಡಿದು ನಮ್ಮ ಬಳಿಗೆ ಬರುವವರಿಗೆ ಈಗ ನಾವು ಮೊದಲು ಹೇಳುವ ಮಾತು, "ನಮಗೆ ಇದು ಪೂರ್ತಿ ತಿಳಿಯುವುದಿಲ್ಲ, ತಿಳಿದವರಲ್ಲಿ ಹೋಗೋಣ ಬನ್ನಿ" ಎಂದು. ಇದನ್ನು ಹೇಳಲು ಕಲಿಸಿದ್ದು ಅಕ್ಕ.

ಆದ್ದರಿಂದ ತಂದೆತಾಯಿಗಳೇ, ಈ ವರ್ಷ ನಿಮ್ಮ ಮಗ ಅಥವಾ ಮಗಳು "ಮುಂದೆ ಏನಾಗಬೇಕೋ ಗೊತ್ತಿಲ್ಲ" ಎಂದರೆ ಮುಖ ಬಾಡಿಸಬೇಡಿ. ಕೈಗೆ ಸಿಕ್ಕಿದ ಕೆಲಸವನ್ನು ಶ್ರದ್ಧೆಯಿಂದ ಕಲಿಯಲಿ. ನೆರೆಮನೆಯ ಭಾಷೆಯನ್ನೂ ಕಲಿಯಲಿ. ಅಕ್ಕ ನಲವತ್ತರ ನಂತರ ತಮ್ಮ ಕೆಲಸವನ್ನು ಕಂಡುಕೊಂಡರು. ಅಲ್ಲಿಯವರೆಗೆ ಮಾಡಿದ್ದೆಲ್ಲ ಅದಕ್ಕೆ ಸಿದ್ಧತೆಯೇ ಆಗಿತ್ತು.

ಮೊನ್ನೆ ಅಕ್ಕನನ್ನು ನೋಡಲು ಹೋಗಿದ್ದೆವು. ಜಗಲಿಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲೆಯ ಸಮವಸ್ತ್ರ, ಪಕ್ಕದಲ್ಲಿ ಕನ್ನಡಕ ಮತ್ತು ಯಾರದೋ ಭೂಮಿಯ ಹಳೆಯ ದಾಖಲೆ. ಬೆಂಚಿನ ಮೇಲೆ ಒಬ್ಬ ಅಜ್ಜಿ ಕಾಯುತ್ತಿದ್ದರು. "ಕುಳಿತುಕೊಳ್ಳಿ ಫಾದರ್, ಇವರು ಮೊದಲು ಬಂದವರು" ಎಂದರು ಅಕ್ಕ. ನಾವು ಅಜ್ಜಿಯ ಪಕ್ಕದಲ್ಲಿ ಕುಳಿತು ನಮ್ಮ ಸರದಿಗಾಗಿ ಕಾದೆವು.